ನೋಡುವವರೂ ನೋಡಿಸಿಕೊಳ್ಳುವವರೂ

ಮನುಷ್ಯನಿಗೆ ಮನುಷ್ಯನನ್ನು ನೋಡುವ ಕುತೂಹಲ ಇಂದು ನೆನ್ನೆಯದಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಬೆಳೆದವರಿಗಂತೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಾತ್ರೆ ಬಂದಿತೆಂದರೆ ಕುಸ್ತಿಯ ಕಣ, ಶ್ರೀಕೃಷ್ಣ ಪಾರಿಜಾತದ ಆಟ, ಗೀಗೀ ಮೇಳಗಳ ಸವಾಲು-ಜವಾಬು. ಬಂಡಿಯ ಮೇಲೆ, ಕಟ್ಟೆಯ ಮೇಲೆ, ಮಾಳಿಗೆಯ ಅಂಚಿನ ಮೇಲೆ ಕುಳಿತು ಬೆಳ್ಳಿ ಮೂಡುವವರೆಗೆ ನೋಡಿದ ಜನ ನಮ್ಮವರು.

ಸ್ಪರ್ಧೆಯೂ ನಮಗೆ ಹೊಸದಲ್ಲ. ಹರದೇಶಿ-ನಾಗೇಶಿ ಹಾಡಿಕೆಯನ್ನೇ ನೋಡಿರಿ. ಗಂಡು ಹೆಚ್ಚೆಂದು ಹರದೇಶಿಯವರು, ಹೆಣ್ಣು ಹೆಚ್ಚೆಂದು ನಾಗೇಶಿಯವರು, ಡಪ್ಪು ತುಂತುಣಿಗಳ ನಾದದೊಡನೆ ಇರುಳೆಲ್ಲ ವಾದಿಸುತ್ತಾರೆ. ಒಬ್ಬರು ಹಾಡಿನಲ್ಲಿ ಒಡ್ಡಿದ ಪ್ರಶ್ನೆಗೆ ಇನ್ನೊಬ್ಬರು ಹಾಡಿನಲ್ಲಿಯೇ ಉತ್ತರ ಕೊಡಬೇಕು. ಮೂದಲಿಕೆ ಉಂಟು, ಕಟಕಿ ಉಂಟು, ಕೆಲವೊಮ್ಮೆ ಕಿವಿ ಮುಚ್ಚಿಕೊಳ್ಳುವಂತಹ ಮಾತೂ ಉಂಟು. ಆದರೆ ಆ ಏಟು ತಾಗುವುದು ವಾದದ ಪಕ್ಷಕ್ಕೆ. ಹಾಡಿದವಳ ಮನೆಯಲ್ಲಿ ಸಾಲವೆಷ್ಟಿದೆ, ಅವಳು ಕಳೆದ ರಾತ್ರಿ ಏಕೆ ಅತ್ತಳು ಎಂಬುದು ಹಾಡಿಕೆಯ ವಸ್ತುವಲ್ಲ. ಬೆಳಗಾಗುವ ಹೊತ್ತಿಗೆ ಎರಡು ಮೇಳಗಳೂ ಗಂಡು ಹೆಣ್ಣುಗಳ ಹೊಂದಾಣಿಕೆಯನ್ನು ಹಾಡಿ ಮಂಗಳ ಮಾಡುತ್ತವೆ.

ಇಂದು ಅದೇ ಊರುಗಳಲ್ಲಿ ಸಂಜೆಯಾಗುತ್ತಲೇ ಮನೆಮನೆಯ ದೂರದರ್ಶನದ ಪೆಟ್ಟಿಗೆಯಲ್ಲಿ ಬೇರೊಂದು ಬಗೆಯ ಆಟ ಆರಂಭವಾಗುತ್ತದೆ. ಅದಕ್ಕೆ ರಿಯಾಲಿಟಿ ಷೋ ಎಂದು ಹೆಸರು. ಅಂದರೆ ವಾಸ್ತವದ ಪ್ರದರ್ಶನ. ಹಾಲೆಂಡಿನಲ್ಲಿ 1999ರಲ್ಲಿ 'ಬಿಗ್ ಬ್ರದರ್' ಎಂಬ ಕಾರ್ಯಕ್ರಮ ಆರಂಭವಾಯಿತು. ಅಪರಿಚಿತರನ್ನು ಒಂದು ಮನೆಯಲ್ಲಿ ಕೂಡಿಹಾಕಿ, ಹಗಲಿರುಳೂ ಅವರನ್ನು ಕ್ಯಾಮೆರಾಗಳಿಂದ ನೋಡುವುದು ಅದರ ಕ್ರಮ. ಅದು 2006ರಲ್ಲಿ ಹಿಂದಿಗೂ 2013ರಲ್ಲಿ ಕನ್ನಡಕ್ಕೂ 'ಬಿಗ್ ಬಾಸ್' ಎಂಬ ಹೆಸರಿನಿಂದ ಬಂದಿತು. ಆ ಮನೆಯಲ್ಲಿರುವವರಿಗೆ ಫೋನಿಲ್ಲ, ಪತ್ರಿಕೆಯಿಲ್ಲ, ಹೊರಗಿನವರ ಸಂಪರ್ಕವಿಲ್ಲ. ಇಪ್ಪತ್ತನಾಲ್ಕು ಗಂಟೆಗಳ ಬಾಳನ್ನು ಒಂದೂವರೆ ಗಂಟೆಗೆ ಇಳಿಸುವಾಗ ಯಾವುದನ್ನು ಉಳಿಸಬೇಕು, ಯಾವುದನ್ನು ಕತ್ತರಿಸಬೇಕು ಎಂದು ನಿರ್ಧರಿಸುವವನು ಸಂಕಲನಕಾರ. ಹತ್ತು ಜನ ಸಮಾಧಾನವಾಗಿ ಉಂಡೆದ್ದ ಊಟ ಉಳಿಯುವುದಿಲ್ಲ. ಒಬ್ಬರು ತಟ್ಟೆ ಸರಿಸಿ ಎದ್ದುಹೋದ ಕ್ಷಣ ಉಳಿಯುತ್ತದೆ. ಅದಕ್ಕೆ ಹಿನ್ನೆಲೆಯ ಸಂಗೀತವೂ ಕೂಡುತ್ತದೆ. ಇದನ್ನು ವಾಸ್ತವವೆನ್ನುವುದು ಹೇಗೆ? ನೂಲಿನಿಂದ ಸೀರೆಯನ್ನು ನೇಯುವಂತೆ ಇಲ್ಲಿ ವಾಸ್ತವವನ್ನು ನೇಯುತ್ತಾರೆ. ಬನಹಟ್ಟಿಯವರಿಗೆ ಈ ಮಾತು ಬೇಗ ತಿಳಿದೀತು. ವ್ಯತ್ಯಾಸವಿಷ್ಟೆ, ಮಗ್ಗದ ಮೇಲಿರುವುದು ನೂಲಲ್ಲ, ಜೀವವಿರುವ ಮನುಷ್ಯ.

ಸುಮಾರು 2010ರಲ್ಲಿ ಸುವರ್ಣ ವಾಹಿನಿಯಲ್ಲಿ 'ಹಳ್ಳಿ ಹೈದ ಪ್ಯಾಟೇಗ್ ಬಂದ' ಎಂಬ ಕಾರ್ಯಕ್ರಮ ಪ್ರಸಾರವಾಯಿತು. ಹಳ್ಳಿಗಾಡಿನ, ಕಾಡಂಚಿನ ತರುಣರನ್ನು ಬೆಂಗಳೂರಿಗೆ ಕರೆತಂದು, ಪಟ್ಟಣದ ಯುವತಿಯರಿಂದ ಅವರಿಗೆ ನಾಗರಿಕತೆಯ ಪಾಠ ಹೇಳಿಸುವುದು ಅದರ ತಿರುಳು. ಅದರಲ್ಲಿ ಗೆದ್ದವನು ಹೆಗ್ಗಡದೇವನಕೋಟೆ ತಾಲ್ಲೂಕಿನ ಹಾಡಿಯೊಂದರ ಬುಡಕಟ್ಟಿನ ತರುಣ ರಾಜೇಶ್. ನಾಡೆಲ್ಲ ಆತನನ್ನು ಗುರುತಿಸಿತು. ಚಲನಚಿತ್ರದ ನಾಯಕನೂ ಆದನು. 2013ರ ನವೆಂಬರಿನಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲಿಯೇ, ಮೈಸೂರಿನಲ್ಲಿ ತೀರಿಕೊಂಡನು. ಆತನ ಸಾವಿಗೆ ಇದೇ ಕಾರಣ, ಅವರೇ ಕಾರಣ ಎಂದು ಬೆರಳು ಮಾಡುವ ಅಧಿಕಾರ ನನಗಿಲ್ಲ. ನನ್ನ ಪ್ರಶ್ನೆ ಬೇರೆ. ಕಾಡಿನಲ್ಲಿ ಹೆಜ್ಜೆಯ ಗುರುತನ್ನೂ ಜೇನಿನ ಜಾಡನ್ನೂ ಬಲ್ಲವನು ಚಮಚ ಹಿಡಿಯಲು ತಡವರಿಸಿದರೆ ನಾವು ನಗುವುದೇಕೆ? ಅದೇ ಪಟ್ಟಣಿಗನನ್ನು ಹಾಡಿಯಲ್ಲಿ ಒಂದು ರಾತ್ರಿ ಬಿಟ್ಟರೆ ಅವನ ಪಾಡೇನು? ಒಬ್ಬನ ಬಾಳಿನ ಕ್ರಮವನ್ನೇ ಹಾಸ್ಯದ ಸರಕಾಗಿಸಿ, ಕಾರ್ಯಕ್ರಮ ಮುಗಿದ ಮರುದಿನ ಅವನನ್ನು ಅವನ ಪಾಡಿಗೆ ಬಿಡುವುದು ಎಲ್ಲಿಯ ನ್ಯಾಯ?

ಈ ವೇದಿಕೆಗಳಿಂದ ಒಳಿತೇ ಆಗಿಲ್ಲವೆಂದು ಹೇಳಿದರೆ ಅದೂ ಅನ್ಯಾಯವಾದೀತು. ಹಾವೇರಿ ಜಿಲ್ಲೆಯ ಸವಣೂರು ತಾಲ್ಲೂಕಿನ ಚಿಲ್ಲೂರ ಬಡ್ನಿಯಲ್ಲಿ ಕುರಿ ಕಾಯುತ್ತಿದ್ದ ಹನುಮಂತ 'ಸರಿಗಮಪ'ದ ವೇದಿಕೆಯಲ್ಲಿ ಹಾಡಿ 2019ರಲ್ಲಿ ಎರಡನೆಯ ಸ್ಥಾನ ಪಡೆದರು. 2025ರ ಜನವರಿಯಲ್ಲಿ 'ಬಿಗ್ ಬಾಸ್' ಗೆದ್ದರು. ಶಿಫಾರಸಿಲ್ಲದ ಹಳ್ಳಿಯ ಪ್ರತಿಭೆಗೆ ಇಷ್ಟು ದೊಡ್ಡ ಬಾಗಿಲು ಹಿಂದೆ ಎಲ್ಲಿತ್ತು? ಸಂತೋಷವೇ. ಆದರೂ 'ಕುರಿಗಾಹಿ' ಎಂಬ ವಿಶೇಷಣವಿಲ್ಲದೆ ಅವರ ಹೆಸರು ಕೇಳಿಬಂದುದು ಅಪರೂಪ. ಕಂಠಕ್ಕಿಂತ ಮೊದಲು ಕಂಬಳಿಯನ್ನು ತೋರಿಸಬೇಕೆ?

ನಮ್ಮ ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ ಹಾಡಿದವರು. 1943ರ 'ಕಿಸ್ಮತ್' ಚಿತ್ರದ ಅವರ ಹಾಡುಗಳನ್ನು ದೇಶವೇ ಕೇಳಿತು. ಅವರ ಬಾಳಿನಲ್ಲಿಯೂ ದುಃಖವಿತ್ತು. ಆದರೆ ಗ್ರಾಮಫೋನಿನ ತಟ್ಟೆ ತಿರುಗಿದಾಗ ಹೊರಬಂದುದು ಹಾಡು. ಹಾಡಿಗೆ ಮುನ್ನ ಅವರ ಅಳು ಕೇಳಿಸಬೇಕೆಂದು ಯಾರೂ ಕರಾರು ಹಾಕಲಿಲ್ಲ.

"ಅವರೇ ಒಪ್ಪಿ ಸಹಿ ಮಾಡಿ ಬಂದಿದ್ದಾರೆ, ನಿಮಗೇನು ಸಂಕಟ?" ಎನ್ನುವವರಿದ್ದಾರೆ. ಸಹಿ ಮಾಡಿದ್ದು ನಿಜ. ಆದರೆ ಯಾವ ಕ್ಷಣ ಉಳಿದೀತು, ಯಾವುದು ಹೋದೀತು ಎಂಬುದು ಸಹಿ ಮಾಡುವಾಗ ಯಾರಿಗೂ ತಿಳಿದಿರುವುದಿಲ್ಲ. ಬಡತನದಲ್ಲಿರುವವನ ಒಪ್ಪಿಗೆಯನ್ನು ಪೂರ್ಣವಾದ ಒಪ್ಪಿಗೆಯೆಂದು ಎಣಿಸುವುದೂ ಕಷ್ಟ. ಹಸಿದವನು ಕರಾರನ್ನು ಓದಿ ಅನ್ನಕ್ಕೆ ಕೈಯೊಡ್ಡುವನೇ?

ಈ ಗಾಳಿ ನಮ್ಮ ಶಾಲೆಗಳಿಗೂ ತಾಗಿದೆ. ನಮ್ಮ ಕಡೆಯ ಒಂದು ಸ್ನೇಹಸಮ್ಮೇಳನದಲ್ಲಿ ನಿರೂಪಕನು ಹಾಡಲು ಬಂದ ಬಾಲಕಿಯನ್ನು ತಡೆದು, "ನಿನ್ನ ತಂದೆ ತೀರಿಕೊಂಡಾಗ ನಿನಗೆ ಹೇಗೆನಿಸಿತು?" ಎಂದು ಕೇಳಿದುದನ್ನು ಕಂಡೆನು. ಅವನು ಕ್ರೂರಿಯಲ್ಲ; ದೂರದರ್ಶನದಲ್ಲಿ ಹಾಗೆ ಕೇಳುವುದನ್ನು ನೋಡಿ ಕಲಿತವನು. ಬಾಲಕಿ ಅತ್ತಳು, ಸಭೆ ಚಪ್ಪಾಳೆ ತಟ್ಟಿತು. ಆಮೇಲೆ ಆಕೆ ಸೊಗಸಾಗಿಯೇ ಹಾಡಿದಳು. ಮನೆಗೆ ಹೋಗುವ ದಾರಿಯಲ್ಲಿ ಜನರಾಡಿದುದು ಮಾತ್ರ ಅಳುವಿನ ಮಾತು.

ಮಕ್ಕಳ ವಿಷಯದಲ್ಲಿ ಸರಕಾರ ಸುಮ್ಮನಿಲ್ಲ. ಬಾಲಕಾರ್ಮಿಕ ಕಾಯ್ದೆಯ 2017ರ ನಿಯಮಗಳ ಪ್ರಕಾರ ಬಾಲಕಲಾವಿದರನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಸತತ 3 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಗಳಿಕೆಯ ಶೇಕಡಾ 20ರಷ್ಟನ್ನಾದರೂ ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ನೃತ್ಯದ ಕಾರ್ಯಕ್ರಮಗಳಲ್ಲಿ ಎಳೆಯ ಮಕ್ಕಳನ್ನು ವಯಸ್ಕರಂತೆ ಅಸಭ್ಯವಾಗಿ ಕುಣಿಸಬಾರದೆಂದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2019ರ ಜೂನಿನಲ್ಲಿ ವಾಹಿನಿಗಳಿಗೆ ಸೂಚನೆ ನೀಡಿತು. ಗಂಟೆಗಳನ್ನು ಎಣಿಸಬಹುದು, ಹಣವನ್ನು ಎಣಿಸಬಹುದು. ಸೋತ ಮಗುವಿನ ಮುಖದ ಮುಂದೆ ಕ್ಯಾಮೆರಾ ಎಷ್ಟು ಹೊತ್ತು ನಿಲ್ಲಬಹುದು ಎಂಬುದಕ್ಕೆ ಮಾತ್ರ ಅಳತೆಗೋಲು ಸಿಕ್ಕುವುದು ಕಷ್ಟ.

ನೋಡುವವರ ಕೈಯಲ್ಲಿಯೂ ಒಂದು ಅಧಿಕಾರವಿದೆ. ಅದು ಬಹು ಮಂದಿಗೆ ತಿಳಿಯದು. 2021ರಲ್ಲಿ ತಿದ್ದುಪಡಿಯಾದ ಕೇಬಲ್ ದೂರದರ್ಶನದ ನಿಯಮಗಳ ಪ್ರಕಾರ ಯಾವ ವೀಕ್ಷಕನೇ ಆಗಲಿ ಕಾರ್ಯಕ್ರಮವು ಪ್ರಸಾರದ ಸಂಹಿತೆಯನ್ನು ಮೀರಿದೆಯೆಂದು ವಾಹಿನಿಗೆ ಲಿಖಿತ ದೂರು ಕೊಡಬಹುದು. ವಾಹಿನಿ 15 ದಿನಗಳೊಳಗೆ ತನ್ನ ನಿರ್ಧಾರವನ್ನು ತಿಳಿಸಬೇಕು; ಅದು ಒಪ್ಪಿಗೆಯಾಗದಿದ್ದರೆ ಮೇಲಿನ ಮಂಡಳಿಗೆ ಹೋಗಬಹುದು. ಪತ್ರಲೇಖನವನ್ನು ನೀವು ವ್ಯಾಕರಣದ ತರಗತಿಯಲ್ಲಿ ಕಲಿಯುತ್ತೀರಿ. ಇಂದ, ಗೆ, ವಿಷಯ, ಊರು, ದಿನಾಂಕ, ಕಾರ್ಯಕ್ರಮದ ಹೆಸರು, ಪ್ರಸಾರವಾದ ಹೊತ್ತು. ಇಷ್ಟಿದ್ದರೆ ಸಾಕು, ಜಮಖಂಡಿಯಿಂದ ಬರೆದ ಪತ್ರಕ್ಕೂ ಅವರು ಉತ್ತರ ಕೊಡಲೇಬೇಕು.