ಬೇಲಿಯ ಖರ್ಚು, ಹೊಲದ ಫಲ

2025-26ರ ಬಜೆಟ್ಟಿನಲ್ಲಿ ದೇಶದ ರಕ್ಷಣೆಗೆ ತೆಗೆದಿಟ್ಟ ದುಡ್ಡು 6.81 ಲಕ್ಷ ಕೋಟಿ ರೂಪಾಯಿ. ಸೈನ್ಯಕ್ಕೆ ಇಷ್ಟು ಹಾಕಿದರೆ ದೇಶ ಬೆಳೀತದೋ ಸೊರಗುತ್ತದೋ? ಬೇಲಿ ಇಲ್ಲದ ಹೊಲದಲ್ಲಿ ಬೆಳೆ ಕೈಗೆ ಸಿಗದು ಅಂತಾರೆ ಒಬ್ಬರು. ಬೀಜದ ದುಡ್ಡೂ ಬೇಲಿಗೇ ಹೋದರೆ ಬಿತ್ತೋದೇನು ಅಂತಾರೆ ಇನ್ನೊಬ್ಬರು. ಓದಿದವರ ಜಗಳವೂ ಇದೇ. 1973ರಲ್ಲಿ ಎಮಿಲ್ ಬೆನೊಯ್ ಎಂಬ ಅರ್ಥಶಾಸ್ತ್ರಜ್ಞ 44 ದೇಶಗಳ ಲೆಕ್ಕ ಹಿಡಿದು, ಸೈನ್ಯಕ್ಕೆ ಹೆಚ್ಚು ಖರ್ಚು ಮಾಡಿದ ಬಡದೇಶಗಳೇ ಬೇಗ ಬೆಳೆದಿವೆ ಎಂದ. ಆ ದೇಶಗಳಿಗೆ ಹೊರಗಿನ ನೆರವೂ ಬಂದಿತ್ತಲ್ಲಪ್ಪ ಎಂದು ಉಳಿದವರು ಅವನನ್ನು ತರಾಟೆಗೆ ತೆಗೆದುಕೊಂಡರು.

ನಮ್ಮದೇ ಲೆಕ್ಕ ನೋಡೋಣ. 1962ರ ಚೀನಾ ಯುದ್ಧದ ನಂತರ ರಕ್ಷಣಾ ಖರ್ಚು ಹೆಚ್ಚುಕಮ್ಮಿ ಇಮ್ಮಡಿಯಾಯಿತು. 1965ರಲ್ಲಿ ಪಾಕಿಸ್ತಾನದ ಜತೆ ಯುದ್ಧ, ಆ ವರ್ಷವೂ ಮರುವರ್ಷವೂ ಬರ. 1966ರ ಜೂನ್‌ನಲ್ಲಿ ರೂಪಾಯಿ ಬೆಲೆ ಇಳಿಸಬೇಕಾಯಿತು. ಪಂಚವಾರ್ಷಿಕ ಯೋಜನೆಯೇ ಮೂರು ವರ್ಷ ನಿಂತಿತು. ಎಲ್ಲಾ ತಪ್ಪನ್ನೂ ಸೈನ್ಯದ ತಲೆಗೆ ಕಟ್ಟುವುದು ನ್ಯಾಯವಲ್ಲ, ಬರದ ಪಾಲೇ ದೊಡ್ಡದು. ಆದರೆ ಬರದ ವರ್ಷದಲ್ಲಿ ಬೇಲಿ ಖರ್ಚು ಎಷ್ಟು ಭಾರ ಅಂತ ಒಣಬೇಸಾಯದವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನೊಂದು ಮಗ್ಗುಲೂ ಉಂಟು. ಬೆಂಗಳೂರಿನ ಎಚ್‌ಎಎಲ್ ಶುರುವಾದದ್ದು 1940ರಲ್ಲಿ. ಅದನ್ನು ಮೈಸೂರು ಸಂಸ್ಥಾನದ ನೆರವಿನಿಂದ ಕಟ್ಟಿದ ವಾಲಚಂದ್ ಹಿರಾಚಂದ್ ಹುಟ್ಟಿದ್ದು ನಮ್ಮಂತೆಯೇ ಗಡಿಯೂರು ಸೊಲ್ಲಾಪುರದಲ್ಲಿ. 1954ರಲ್ಲಿ ಬಿಇಎಲ್ ಬಂತು. ಅಂಥ ಕಾರ್ಖಾನೆಗಳಲ್ಲಿ ಕೈ ಪಳಗಿದವರು ಲೇತು ಹಾಕಿಕೊಂಡು ಸಣ್ಣ ವರ್ಕ್‌ಶಾಪು ತೆರೆದರು. ದುಡ್ಡು ಇಲ್ಲೇ ಸುತ್ತಿತು. ಹೊರದೇಶದ ವಿಮಾನಕ್ಕೆ ಕೊಟ್ಟ ದುಡ್ಡು ಹಾಗೆ ಸುತ್ತುವುದಿಲ್ಲ, ಹಡಗು ಹತ್ತಿ ಹೋಗ್ತದೆ.

ನಮ್ಮ ರಾಯದುರ್ಗದಿಂದ ಮೊಳಕಾಲ್ಮೂರು ದಾಟಿದರೆ ಚಳ್ಳಕೆರೆ ಸೀಮೆ. ಅಲ್ಲಿಯ ಅಮೃತಮಹಲ್ ಕಾವಲುಗಳೂ ಒಂದು ಕಾಲಕ್ಕೆ ಸೈನ್ಯದ ಖರ್ಚೇ. ಮೈಸೂರು ಅರಸರ ಬೆಣ್ಣೆಚಾವಡಿಯ ದನಗಳು ಹೈದರ್, ಟಿಪ್ಪು ಕಾಲದಲ್ಲಿ ತೋಪು, ಸಾಮಾನು ಎಳೆದವು. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ದಂಡು ಹೋದರೂ ತಳಿ ಉಳಿಯಿತು, ರೈತನ ನೊಗಕ್ಕೆ ಬಂತು. ಸೈನ್ಯಕ್ಕೆಂದು ಹಾಕಿದ ದುಡ್ಡು ಹೊಲಕ್ಕೆ ಇಳಿಯುವುದು ಅಂದರೆ ಇದು.

ಅದೇ ಕಾವಲಿನ ನಾಲ್ಕು ಸಾವಿರಕ್ಕೂ ಮೇಲ್ಪಟ್ಟು ಎಕರೆ ಈಗ ಡಿಆರ್‌ಡಿಓ ಪಾಲು. 2017ರಲ್ಲಿ ಅಲ್ಲಿ ವಿಮಾನ ಪರೀಕ್ಷಾ ನೆಲೆ ಉದ್ಘಾಟನೆ ಆಯಿತು, ಪೈಲಟ್ ಇಲ್ಲದ ವಿಮಾನಗಳು ಹಾರಿದವು. ಹಾರಲಿ, ಸಂತೋಷ. ಕುರಿ ಮೇಯಿಸಿ ಕಂಬಳಿ ನೇಯುವವರಿಗೆ ಮಾತ್ರ ಕಂಡದ್ದು ಗೋಡೆ. ವಿಷಯ ಹಸಿರು ನ್ಯಾಯಾಧಿಕರಣದ ಮೆಟ್ಟಿಲೂ ಹತ್ತಿತು. ಬೇಲಿಯೇ ಎದ್ದು ಹೊಲ ಮೇಯಿತು ಎಂಬ ಗಾದೆಯನ್ನು ಅವರಿಗೆ ಬಿಡಿಸಿ ಹೇಳಬೇಕೆ? ಹೆಲಿಕಾಪ್ಟರ್ ಕಾರ್ಖಾನೆಗೆ ಗುಬ್ಬಿಯಲ್ಲಿ 615 ಎಕರೆ ಸಾಕಾಯಿತು, ಅಲ್ಲಿ ಕೆಲಸವಾದರೂ ಹುಟ್ಟುತ್ತದೆ. ಪರೀಕ್ಷಾ ನೆಲೆಗೆ ಬಯಲು ಬೇಕು, ಕೈಗಳು ಕಡಿಮೆ ಸಾಕು.

ಹಾಗಾಗಿ ಎಷ್ಟು ಖರ್ಚು ಅನ್ನುವುದಕ್ಕಿಂತ ಯಾತಕ್ಕೆ, ಎಲ್ಲಿ ಎಂದು ಕೇಳುವವನು ನಾನು. 6.81 ಲಕ್ಷ ಕೋಟಿಯಲ್ಲಿ ಪಿಂಚಣಿಗೇ 1.60 ಲಕ್ಷ ಕೋಟಿ. ಅದು ಹಳ್ಳಿ ಮನೆಗಳಿಗೆ ಬರ್ತದೆ, ಅಂಗಡಿ ನಡೆಸ್ತದೆ, ನನಗೆ ಅದರ ಮೇಲೆ ತಕರಾರಿಲ್ಲ. ಆದರೆ ಸಿಪಾಯಿಗೆ ಬಟ್ಟೆ ಬೇಕು, ಬೂಟು ಬೇಕು, ಬೇಳೆ ಬೇಕು. ಕೇಂದ್ರದ ಇಲಾಖೆಗಳು ಸಣ್ಣ ಉದ್ದಿಮೆಗಳಿಂದ ಶೇ. 20ರಷ್ಟು ಕೊಳ್ಳಬೇಕೆಂದು 2012ರಲ್ಲಿ ಆದೇಶವಾಯಿತು, 2018ರಲ್ಲಿ ಅದನ್ನು ಶೇ. 25ಕ್ಕೇರಿಸಿದರು. ರಾಯದುರ್ಗ, ಬಳ್ಳಾರಿಯ ಜೀನ್ಸ್ ಹೊಲಿಯುವ ಕೈಗಳಿಗೆ ಸಮವಸ್ತ್ರ ಹೊಲಿಯಲು ಬಾರದೇನು? ಟೆಂಡರ್ ಕಾಗದ ಕನ್ನಡದಲ್ಲೂ ತೆಲುಗಿನಲ್ಲೂ ಸಿಗಲಿ. ಕಾವಲು ಕಳೆದುಕೊಂಡ ಊರುಗಳ ಮಕ್ಕಳಿಗೆ ಐಟಿಐ ಸೀಟೂ ಆ ನೆಲೆಯಲ್ಲೇ ಕೆಲಸವೂ ಮೊದಲು ಸಿಗಲಿ. ಅನಂತಪುರ, ಚಿತ್ರದುರ್ಗ ಎರಡೂ ಕಡೆಯ ಸಂಸದರು ಇದನ್ನು ದಿಲ್ಲಿಯಲ್ಲಿ ಕೇಳಬೇಕು, ಬಜೆಟ್ ಓದುವ ಮುಂಚೆಯೇ ಕೇಳಬೇಕು.