ಸೂರ್ಯನು ತಿರುಗುವ ದಿನ

ಮಕರ ಸಂಕ್ರಮಣವು ಸಮೀಪಿಸಿತೆಂದರೆ ನಮ್ಮ ಗೃಹಿಣಿಯರು ಕೊಬ್ಬರಿಯನ್ನು ಹೆಚ್ಚಿ, ಬೆಲ್ಲವನ್ನು ಸಣ್ಣಗೆ ಕತ್ತರಿಸಿ ಬಿಸಿಲಿಗೆ ಹರಡುವರು. ಸಕ್ಕರೆ ಅಚ್ಚಿನ ಮಣೆಗಳನ್ನು ಅಟ್ಟದಿಂದ ಇಳಿಸುವರು. ಈ ಸಂಭ್ರಮವೇಕೆಂದು ಮಕ್ಕಳು ಕೇಳಿದರೆ ಹಿರಿಯರು ಕೊಡುವ ಉತ್ತರವು ಬಹುಕಾಲದಿಂದ ಒಂದೇ ಆಗಿರುವುದು: “ಈ ದಿನ ಸೂರ್ಯನು ಉತ್ತರಕ್ಕೆ ತಿರುಗುತ್ತಾನೆ.” ಈ ಮಾತು ಒಂದಾನೊಂದು ಕಾಲದಲ್ಲಿ ನಿಜವಾಗಿತ್ತು. ಈಗಲಾದರೋ, ನಾವು ಎಳ್ಳು ಬೀರುವ ಹೊತ್ತಿಗೆ ಸೂರ್ಯನು ತಿರುಗಿ ಇಪ್ಪತ್ತನಾಲ್ಕು ದಿನಗಳಾಗಿರುತ್ತವೆ.

ಇದು ವಿದ್ವಾಂಸರ ಕೂದಲು ಸೀಳುವ ಚರ್ಚೆಯೆಂದು ವಾಚಕರು ಪುಟವನ್ನು ಮಗುಚಬಾರದು. ಮನೆಯಲ್ಲಿ ಸಂಕಲ್ಪಪೂರ್ವಕವಾಗಿ ಯಾವುದೊಂದು ಕರ್ಮವನ್ನು ಮಾಡುವವರಿಗೂ ಇದು ನೇರವಾಗಿ ಸಂಬಂಧಿಸಿದ ವಿಷಯ. ನನ್ನ ತೀರ್ಥರೂಪರ ಶ್ರಾದ್ಧದ ತಿಥಿಯು ಡಿಸೆಂಬರ್ ೨೨ಕ್ಕೂ ಜನವರಿ ೧೪ಕ್ಕೂ ನಡುವೆ ಬೀಳುವ ವರ್ಷಗಳುಂಟು. ಆಗ ದರ್ಭೆಯನ್ನು ಹಿಡಿದು ಕುಳಿತು “ದಕ್ಷಿಣಾಯನೇ” ಎಂದು ಉಚ್ಚರಿಸಬೇಕು. ಹೊರಗೆ ಸೂರ್ಯನು ಉತ್ತರಾಭಿಮುಖನಾಗಿ ನಡೆಯುತ್ತಿರುವನು. ಒಳಗೆ ನಾವು ಅವನು ದಕ್ಷಿಣಕ್ಕೆ ಹೋಗುತ್ತಿರುವನೆಂದು, ಪಿತೃಗಳ ಎದುರಿಗೇ, ಹೇಳುತ್ತಿರುವೆವು.

ಅಯನ, ಸಂಕ್ರಮಣ ಎಂಬ ಎರಡು ಶಬ್ದಗಳನ್ನು ನಾವು ಒಂದೇ ಅರ್ಥದಲ್ಲಿ ಬಳಸುವುದೇ ಈ ತೊಡಕಿನ ಮೂಲ. ಅಯನವೆಂದರೆ ಗತಿ, ನಡೆ. ಸೂರ್ಯನು ಕ್ಷಿತಿಜದಲ್ಲಿ ಉತ್ತರಕ್ಕೋ ದಕ್ಷಿಣಕ್ಕೋ ಸರಿಯುವುದು ಅಯನ. ಸಂಕ್ರಮಣವು ಹೆಜ್ಜೆಯಿಡುವುದೆಂಬ ಅರ್ಥದ ಧಾತುವಿನಿಂದ ಬಂದುದು. ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವುದು ಅದರ ಅರ್ಥ. ಮೊದಲನೆಯದನ್ನು ನೆರಳಿನಿಂದ ಅಳೆಯಬಹುದು. ಎರಡನೆಯದನ್ನು ನಕ್ಷತ್ರಗಳಿಂದಲೇ ಅಳೆಯಬೇಕು. ಸುಮಾರು ಸಾವಿರದ ಐನೂರು ವರ್ಷಗಳ ಹಿಂದೆ ಇವೆರಡೂ ಹೆಚ್ಚುಕಡಮೆ ಒಂದೇ ದಿನ ಸಂಭವಿಸುತ್ತಿದ್ದವು. ಆ ಕಾಲದಲ್ಲಿ ಕೂಡಿದ ಎರಡು ಹೆಸರುಗಳನ್ನು ನಾವು ಇನ್ನೂ ಬಿಡಿಸಿಲ್ಲ.

ಅವು ಬೇರ್ಪಟ್ಟ ಬಗೆಯನ್ನು ಹೇಳುವುದಕ್ಕೆ ಮುಂಚೆ, ಭೂಮಂಡಲದ ಮತ್ತೊಂದು ಪಾರ್ಶ್ವದಲ್ಲಿ ಸೂರ್ಯನ ತಿರುವನ್ನೇ ಹಬ್ಬವಾಗಿ ಮಾಡಿಕೊಂಡಿದ್ದ ಜನರನ್ನು ಕುರಿತು ಸ್ವಲ್ಪ ಹೇಳಬೇಕೆನಿಸುತ್ತದೆ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಕುಸ್ಕೋ ಎಂಬ ನಗರವಿದೆ. ಅದು ಇಂಕಾ ಅರಸರ ರಾಜಧಾನಿ. ಸಮುದ್ರಮಟ್ಟದಿಂದ ಹನ್ನೊಂದು ಸಾವಿರ ಅಡಿಗಳಿಗೂ ಎತ್ತರದಲ್ಲಿರುವುದು. ನಮ್ಮ ಬೆಂಗಳೂರು ವಿಷುವದ್ರೇಖೆಯಿಂದ ಉತ್ತರಕ್ಕೆ ೧೩ ಅಂಶಗಳ ದೂರದಲ್ಲಿದ್ದರೆ ಕುಸ್ಕೋ ದಕ್ಷಿಣಕ್ಕೆ ಹದಿಮೂರೂವರೆ ಅಂಶಗಳ ದೂರದಲ್ಲಿದೆ. ಕನ್ನಡಿಯಲ್ಲಿ ಕಂಡ ಪ್ರತಿಬಿಂಬದಂತೆ! ನಮಗೆ ಅತ್ಯಂತ ದೀರ್ಘವಾದ ಹಗಲು ಅವರಿಗೆ ಅತ್ಯಂತ ಹ್ರಸ್ವ. ಆದುದರಿಂದ ಅವರ ಸೂರ್ಯನು ಮರಳುವುದು ಜೂನ್ ತಿಂಗಳಿನಲ್ಲಿ, ಅದೂ ಉತ್ತರದಿಂದ ದಕ್ಷಿಣಕ್ಕೆ. ನಾವು ಹಿಂಜರಿಯುವ ದಕ್ಷಿಣಾಯನವೇ ಅವರಿಗೆ ಪುಣ್ಯಕಾಲ. ದೇವತೆಗಳಿಗೆ ಹಗಲಾದಾಗ ಅಸುರರಿಗೆ ರಾತ್ರಿಯೆಂದು ಸೂರ್ಯಸಿದ್ಧಾಂತವು ಹೇಳುವಾಗ ಗೋಲದ ಈ ಎರಡು ಪಾರ್ಶ್ವಗಳೇ ಅದರ ಮನಸ್ಸಿನಲ್ಲಿದ್ದುದು.

ಆ ಹಬ್ಬದ ಹೆಸರು ಇಂತಿ ರಾಯ್ಮಿ. ಕೆಚುವಾ ಭಾಷೆಯಲ್ಲಿ ಇಂತಿ ಎಂದರೆ ಸೂರ್ಯ, ರಾಯ್ಮಿ ಎಂದರೆ ಉತ್ಸವ. ಇದರ ವಿಸ್ತಾರವಾದ ವರ್ಣನೆಯನ್ನು ಬರೆದಿಟ್ಟವನು ಗಾರ್ಸಿಲಾಸೋ ದೆ ಲಾ ವೇಗಾ. ಅವನು ೧೫೩೯ರಲ್ಲಿ ಕುಸ್ಕೋ ನಗರದಲ್ಲಿ ಜನಿಸಿದನು. ತಂದೆ ಸ್ಪೇನಿನ ಸೇನಾನಿ, ತಾಯಿ ಇಂಕಾ ರಾಜವಂಶದವಳು. ಅವನ ಗ್ರಂಥವು ೧೬೦೯ರಲ್ಲಿ ಅಚ್ಚಾಯಿತು. ಅವನು ಹೇಳುವಂತೆ, ಹಬ್ಬಕ್ಕೆ ಮೊದಲು ಮೂರು ದಿನ ಎಲ್ಲರೂ ವ್ರತಸ್ಥರಾಗಿರುತ್ತಿದ್ದರು. ಸ್ವಲ್ಪ ಹಸಿಯ ಮುಸುಕಿನ ಜೋಳ, ಕೆಲವು ಸೊಪ್ಪು, ನೀರು, ಇಷ್ಟೇ ಆಹಾರ. ನಗರದ ಯಾವ ಮನೆಯಲ್ಲಿಯೂ ಒಲೆಯಲ್ಲಿ ಬೆಂಕಿಯಿರಕೂಡದು. ಹಬ್ಬದ ದಿನ ಬೆಳಗಾಗುವುದಕ್ಕೆ ಮುಂಚೆಯೇ ಅರಸನೂ ಅವನ ಬಂಧುಗಳೂ ದೊಡ್ಡ ಚೌಕಕ್ಕೆ ಬಂದು, ಪಾದರಕ್ಷೆಗಳಿಲ್ಲದೆ, ಪೂರ್ವಾಭಿಮುಖರಾಗಿ ನಿಶ್ಶಬ್ದದಿಂದ ಕಾಯುತ್ತಿದ್ದರು. ಬಿಂಬವು ಬೆಟ್ಟದ ಮೇಲೆ ಕಾಣಿಸಿಕೊಂಡ ಕೂಡಲೇ ಎಲ್ಲರೂ ಕುಕ್ಕುರುಗಾಲಿನಲ್ಲಿ ಕುಳಿತು, ತೋಳುಗಳನ್ನು ಚಾಚಿ, ಗಾಳಿಯನ್ನು ಮುತ್ತಿಡುತ್ತಿದ್ದರು. ಆಮೇಲೆ ಅರಸನು ಎರಡು ಚಿನ್ನದ ಪಾತ್ರೆಗಳಲ್ಲಿ ಜೋಳದ ಪಾನೀಯವನ್ನು ಹಿಡಿದು ನಿಲ್ಲುವನು. ಬಲಗೈಯ ಪಾತ್ರೆ ಸೂರ್ಯನಿಗೆ. ಎಡಗೈಯದು ತನಗೂ ತನ್ನವರಿಗೂ. ನಮ್ಮ ಅರ್ಘ್ಯಪ್ರದಾನವನ್ನು ಬಲ್ಲವರಿಗೆ ಈ ದೃಶ್ಯವು ಅಪರಿಚಿತವೆನಿಸದು.

ಬೆಂಕಿಯ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಯಜ್ಞಕ್ಕೆ ಬೇಕಾದ ಅಗ್ನಿಯು ಸೂರ್ಯನ ಕೈಯಿಂದಲೇ ಬರಬೇಕೆಂಬುದು ಅವರ ನಿಯಮ. ಪ್ರಧಾನ ಅರ್ಚಕನ ಕಡಗದಲ್ಲಿ ಅರ್ಧ ಕಿತ್ತಳೆಯಷ್ಟು ಗಾತ್ರದ, ಚೆನ್ನಾಗಿ ಉಜ್ಜಿ ಹೊಳಪಿಟ್ಟ ಬಟ್ಟಲೊಂದಿರುತ್ತಿತ್ತು. ಅದನ್ನು ಬಿಸಿಲಿಗೆ ಹಿಡಿದರೆ ಕಿರಣಗಳು ಒಂದು ಬಿಂದುವಿನಲ್ಲಿ ಕೂಡಿ, ಅಲ್ಲಿಟ್ಟ ಅರಳೆಯು ಹೊತ್ತಿಕೊಳ್ಳುವುದು. ಆ ದಿನ ಮೋಡವಿದ್ದರೆ ಎರಡು ಕೋಲುಗಳನ್ನು ಮಥಿಸಿ ಬೆಂಕಿ ತೆಗೆಯುತ್ತಿದ್ದರು. ನಮ್ಮ ಶ್ರೌತಿಗಳಿಗೆ ಅರಣಿಮಥನವು ಪರಮಪವಿತ್ರ. ಅವರಿಗಾದರೋ ಅದು ಅಪಶಕುನ, ಸೂರ್ಯನು ಮುನಿದನೆಂಬುದಕ್ಕೆ ಗುರುತು.

ಆ ಊರಿನ ಸೂರ್ಯದೇವಾಲಯಕ್ಕೆ ಕೋರಿಕಾಂಚಾ ಎಂದು ಹೆಸರು. ಇದನ್ನು ಕೇಳಿದೊಡನೆ ‘ಕಾಂಚನ’ವೆಂದು ಕುಪ್ಪಳಿಸುವವರು ನಮ್ಮಲ್ಲಿ ಇದ್ದೇ ಇರುವರು. ಅಲ್ಲಿ ಚಿನ್ನವೆಂಬ ಅರ್ಥವಿರುವುದು ‘ಕೋರಿ’ಗೆ, ‘ಕಾಂಚಾ’ ಎಂದರೆ ಬರಿಯ ಆವರಣ. ಶಬ್ದಸಾಮ್ಯವನ್ನು ನಂಬಿ ನೆಂಟಸ್ತಿಕೆ ಬೆಳೆಸುವವರು ಇದನ್ನು ನೆನಪಿನಲ್ಲಿಡುವುದೊಳ್ಳೆಯದು.

ಈ ಜನಕ್ಕೆ ಅಚ್ಚಾದ ಪಂಚಾಂಗವಿರಲಿಲ್ಲ. ನಮ್ಮಂತೆ ಲಿಪಿಯೂ ಇರಲಿಲ್ಲ. ದಿನವನ್ನು ಹೇಗೆ ಗೊತ್ತುಮಾಡುತ್ತಿದ್ದರು? ಊರಿನ ಸುತ್ತಣ ಬೆಟ್ಟದ ಸಾಲಿನ ಮೇಲೆ ಕಂಬಗಳನ್ನು ನಿಲ್ಲಿಸಿ, ಸೂರ್ಯನು ಯಾವ ಕಂಬಗಳ ನಡುವೆ ಉದಯಿಸುವನು, ಎಲ್ಲಿ ಮುಳುಗುವನು ಎಂಬುದನ್ನು ನೋಡುತ್ತಿದ್ದರು. ಸ್ಪೇನಿನವರು ದೇಶವನ್ನು ಗೆದ್ದ ಬಳಿಕ ಆ ಕಂಬಗಳು ಹಾಳಾದವು; ದೇವಾಲಯದ ಗೋಡೆಗಳ ಮೇಲೆ ಇಗರ್ಜಿಯೆದ್ದಿತು; ೧೫೭೨ರಲ್ಲಿ ರಾಜಪ್ರತಿನಿಧಿ ತೊಲೇದೋ ಎಂಬವನು ಹಬ್ಬವನ್ನೇ ನಿಷೇಧಿಸಿದನು. ಅನಂತರ ೧೯೪೪ರಲ್ಲಿ, ಫೌಸ್ತಿನೋ ಎಸ್ಪಿನೋಸಾ ನವಾರ್ರೋ ಎಂಬ ಕೆಚುವಾ ಪಂಡಿತರು ಗಾರ್ಸಿಲಾಸೋವಿನ ಗ್ರಂಥವನ್ನು ಆಧಾರವಾಗಿಟ್ಟುಕೊಂಡು ಅದನ್ನು ಪುನಃ ರೂಪಿಸಿದರು. ಈಗ ಪ್ರತಿ ವರ್ಷ ಜೂನ್ ೨೪ರಂದು ಸಹಸ್ರಾರು ಜನರೆದುರಿಗೆ ನಾಟಕದಂತೆ ಅದು ನಡೆಯುತ್ತದೆ.

ಸೂರ್ಯನು ತಿರುಗುವುದು ಜೂನ್ ೨೧ರ ಸುಮಾರಿಗೆ, ಹಬ್ಬ ೨೪ಕ್ಕೆ. ಆ ದಿನ ಕ್ರೈಸ್ತರ ಸಂತ ಯೋಹಾನನ ಹಬ್ಬವಾದುದರಿಂದ ಹೀಗೆ ಕೂಡಿಕೊಂಡಿತು. ಅವರೂ ತಪ್ಪಿದರಲ್ಲವೇ ಎಂದು ನಮ್ಮವರು ಸಮಾಧಾನಪಟ್ಟುಕೊಳ್ಳುವಂತಿಲ್ಲ. ತಿರುವಿನ ಸಮಯದಲ್ಲಿ ಸೂರ್ಯನು ಕೆಲವು ದಿನಗಳ ಕಾಲ ನಿಂತಂತೆಯೇ ತೋರುವನು. ಕೌಷೀತಕಿ ಬ್ರಾಹ್ಮಣವೂ ಅವನು ನಿಲ್ಲುವುದನ್ನು ಹೇಳುತ್ತದೆ. ಮೂರು ದಿನಗಳ ವ್ಯತ್ಯಾಸವು ಬರಿಗಣ್ಣಿಗೆ ಕಾಣದು. ನಮ್ಮ ಇಪ್ಪತ್ತನಾಲ್ಕು ದಿನಗಳ ಮಾತು ಹಾಗಲ್ಲ. ಅಷ್ಟರಲ್ಲಿ ಅವನು ಅಸ್ತಮಿಸುವ ಸ್ಥಳವು, ನಾಲ್ಕು ಸೂರ್ಯಬಿಂಬಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಎಷ್ಟಾಗುವುದೋ ಅಷ್ಟು ಉತ್ತರಕ್ಕೆ ಸರಿದಿರುತ್ತದೆ.

ಈ ಅಂತರಕ್ಕೆ ಕಾರಣವು ಭೂಮಿಯ ಅಕ್ಷದ ಚಲನೆ. ಬುಗುರಿಯು ವೇಗವಾಗಿ ಸುತ್ತುತ್ತಿರುವಾಗಲೇ ಅದರ ತಲೆಯು ನಿಧಾನವಾಗಿ ಒಂದು ವೃತ್ತವನ್ನು ಬರೆಯುವುದನ್ನು ಎಲ್ಲ ಹುಡುಗರೂ ಕಂಡಿರುವರು. ಭೂಮಿಯ ಅಕ್ಷವೂ ಸುಮಾರು ೨೬,೦೦೦ ವರ್ಷಗಳಲ್ಲಿ ಅಂತಹ ಒಂದು ಸುತ್ತನ್ನು ಪೂರೈಸುತ್ತದೆ. ಇದರಿಂದ ಅಯನಬಿಂದುವು ನಕ್ಷತ್ರಗಳ ನಡುವೆ ಸುಮಾರು ೭೨ ವರ್ಷಗಳಿಗೆ ಒಂದು ಅಂಶದಂತೆ ಹಿಂದಕ್ಕೆ ಸರಿಯುವುದು. ನಮ್ಮ ಸಂಕ್ರಮಣವಾದರೋ ನಕ್ಷತ್ರಗಳಿಗೆ ಅಂಟಿಕೊಂಡಿರುವುದರಿಂದ ಋತುವಿನ ಲೆಕ್ಕದಲ್ಲಿ ಮುಂದುಮುಂದಕ್ಕೆ ಹೋಗುತ್ತಿದೆ. ಸ್ವಾಮಿ ವಿವೇಕಾನಂದರು ಜನಿಸಿದ ೧೮೬೩ನೆಯ ಇಸವಿಯಲ್ಲಿ ಸಂಕ್ರಾಂತಿಯು ಜನವರಿ ೧೨ರಂದು ಬಂದಿತ್ತು; ಈಗ ೧೪, ಕೆಲವು ವರ್ಷ ೧೫.

ನಮ್ಮ ಪೂರ್ವಿಕರು ಇದನ್ನು ಅರಿಯದವರೇ? ಖಂಡಿತ ಅಲ್ಲ. ವೇದಾಂಗಜ್ಯೋತಿಷದ ಕಾಲದಲ್ಲಿ ಉತ್ತರಾಯಣವು ಧನಿಷ್ಠೆಯ ಆದಿಯಲ್ಲಿ ಆಗುತ್ತಿತ್ತು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಈ ಹಳೆಯ ಮಾತನ್ನು ಗೌರವದಿಂದ ಸ್ಮರಿಸಿ, ತನ್ನ ಕಾಲದಲ್ಲಿ ಅದು ಮಕರದ ಆದಿಗೆ ಬಂದಿದೆಯೆಂದು ಹೇಳಿ, ಮುಂದೆ ಇದೂ ಬದಲಾದರೆ ಪ್ರತ್ಯಕ್ಷ ಪರೀಕ್ಷೆಯಿಂದಲೇ ತಿಳಿಯತಕ್ಕದ್ದೆಂದು ವಿಧಿಸುತ್ತಾನೆ. ಪರೀಕ್ಷೆಯ ವಿಧಾನವನ್ನೂ ಕೊಟ್ಟಿದ್ದಾನೆ: ಉದಯದಲ್ಲಾಗಲಿ ಅಸ್ತದಲ್ಲಾಗಲಿ ದೂರದ ಗುರುತೊಂದಕ್ಕೆ ಸರಿಯಾಗಿ ಸೂರ್ಯನನ್ನು ನೋಡುವುದು, ಇಲ್ಲವೇ ದೊಡ್ಡ ಮಂಡಲದಲ್ಲಿ ನೆರಳು ಹೊಕ್ಕು ಹೊರಡುವ ಸ್ಥಳಗಳನ್ನು ಗುರುತಿಸುವುದು. ಕುಸ್ಕೋ ಬೆಟ್ಟಗಳ ಕಂಬಗಳು ಮಾಡಿದ ಕೆಲಸವೂ ಇದೇ. ವರಾಹಮಿಹಿರನ ಹೆಸರನ್ನು ಹೇಳುವವರು ನಮ್ಮಲ್ಲಿ ಅನೇಕರು; ಅವನು ಹೇಳಿದಂತೆ ತಲೆಯೆತ್ತಿ ನೋಡಿದವರು ಎಷ್ಟು ಮಂದಿ?

ನೋಡುವುದಕ್ಕೆ ಬೆಂಗಳೂರಿನಲ್ಲಿಯೇ ಒಂದು ಸಾಧನವುಂಟು. ಗವಿಪುರದ ಗಂಗಾಧರೇಶ್ವರನ ಗುಹೆಯಲ್ಲಿ ಸಂಕ್ರಾಂತಿಯ ಸಾಯಂಕಾಲ ಸೂರ್ಯಕಿರಣವು ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುವುದನ್ನು ಕಾಣಲು ಜನಸಾಗರವೇ ಸೇರುತ್ತದೆ. ಈ ದೇವಾಲಯವನ್ನು ಪರೀಕ್ಷಿಸಿ ಶ್ರೀಮತಿ ಬಿ. ಎಸ್. ಶೈಲಜಾ ಮೊದಲಾದ ವಿದ್ವಾಂಸರು ೨೦೦೮ರಲ್ಲಿ ಪ್ರಕಟಿಸಿದಂತೆ, ಕಿರಣವು ವರ್ಷದಲ್ಲಿ ಎರಡು ಸಲ ಲಿಂಗವನ್ನು ಮುಟ್ಟುತ್ತದೆ: ಜನವರಿ ೧೩ರಿಂದ ೧೬ರವರೆಗೆ ಒಮ್ಮೆ, ನವೆಂಬರ್ ೨೬ರಿಂದ ಡಿಸೆಂಬರ್ ೨ರವರೆಗೆ ಇನ್ನೊಮ್ಮೆ. ಮೊದಲು ದಕ್ಷಿಣಕ್ಕೆ ಹೋಗುವಾಗ, ಅನಂತರ ಹಿಂದಿರುಗುವಾಗ, ಒಂದೇ ಬಾಗಿಲನ್ನು ಸೂರ್ಯನು ಎರಡು ಸಲ ಹಾದುಹೋಗುವನು. ಈ ಎರಡು ಅವಧಿಗಳ ನಡುದಿನವನ್ನು ಬೆರಳೆಣಿಸಿ ನೋಡಿರಿ. ಅದು ಡಿಸೆಂಬರ್ ೨೨ರ ಆಸುಪಾಸಿಗೆ ಬರುವುದು. ತಿರುವು ಎಂದಾಯಿತೆಂಬುದನ್ನು ಈಶ್ವರನ ಸನ್ನಿಧಿಯೇ ಸಾರುತ್ತಿದೆ.

ಹಾಗಾದರೆ ಹಬ್ಬವನ್ನೇ ಡಿಸೆಂಬರಿಗೆ ಒಯ್ಯಬೇಕೆಂದು ಕೆಲವರು ವಾದಿಸುವರು. ೧೯೫೨ರಲ್ಲಿ ಮೇಘನಾದ ಸಾಹಾರವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣೆಗಾಗಿ ಸಮಿತಿಯೊಂದು ನೇಮಕವಾಯಿತು. ಅದರ ವರದಿಯಂತೆ ೧೯೫೭ನೆಯ ಮಾರ್ಚ್ ೨೨ರಿಂದ ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗದಲ್ಲಿ ಡಿಸೆಂಬರ್ ೨೨ರಂದೇ ಪೌಷಮಾಸವು ಪ್ರಾರಂಭವಾಗುತ್ತದೆ. ಸರಕಾರದ ರಾಜಪತ್ರದಲ್ಲಿ ಅದು ಅಚ್ಚಾಗುತ್ತದೆ. ಮನೆಗಳನ್ನು ಮಾತ್ರ ಹೊಗಲಿಲ್ಲ. ಹೊಗದಿದ್ದುದು ಆಶ್ಚರ್ಯವೂ ಅಲ್ಲ. ಅವರೆಕಾಯಿ, ಕಬ್ಬು, ಹೊಸ ಎಳ್ಳು, ದನಗಳಿಗೆ ಕಿಚ್ಚು ಹಾಯಿಸುವುದು, ಇವೆಲ್ಲವೂ ಜನವರಿಯ ಸುಗ್ಗಿಯೊಡನೆ ಹೆಣೆದುಕೊಂಡಿವೆ. ಸಂಕ್ರಮಣವೆಂಬ ಹೆಸರಾದರೂ ಸುಳ್ಳಲ್ಲ. ಮಕರದ ಗಡಿಯನ್ನು ಸೂರ್ಯನು ದಾಟುವುದು ಆಗಲೇ. ನನ್ನ ಅಭಿಪ್ರಾಯದಲ್ಲಿ ಹಬ್ಬವು ಇದ್ದಲ್ಲಿಯೇ ಇರಲಿ. ‘ಇಂದು ಸೂರ್ಯ ತಿರುಗಿದ’ ಎಂದು ಮಕ್ಕಳಿಗೆ ಹೇಳುವುದನ್ನು ಮಾತ್ರ ನಿಲ್ಲಿಸೋಣ.

ಸಂಕಲ್ಪದ ತೊಡಕನ್ನು ನಮ್ಮ ಪುರೋಹಿತರ ಮುಂದಿಟ್ಟಾಗ ಅವರು, “ಮೇಷ್ಟ್ರೇ, ನಮ್ಮ ರಾಜಗೋಪಾಲನಗರದ ಮನೆಗಳಿಗೆ ಹಳೇ ನಂಬರು, ಹೊಸ ನಂಬರು ಎರಡೂ ಇಲ್ಲವೇ? ಅಂಚೆಯವನಿಗೆ ಯಾವುದು ಗೊತ್ತೋ ಅದನ್ನು ಬರೆಯುತ್ತೇವೆ. ಪಿತೃಗಳಿಗೆ ಗೊತ್ತಿರುವುದು ಹಳೇ ನಂಬರು,” ಎಂದರು. ತರ್ಕದಲ್ಲಿ ಇದು ನಿಲ್ಲದು; ಆದರೂ ನಾನು ಪಂಚಾಂಗದಲ್ಲಿದ್ದಂತೆಯೇ ಸಂಕಲ್ಪ ಮಾಡುತ್ತಿದ್ದೇನೆ. ಎಲ್ಲರೂ ಕೂಡಿ ಆಡುವ ಮಾತನ್ನು ಒಬ್ಬನೇ ತಿದ್ದಿದರೆ ಕರ್ಮವು ಸಮುದಾಯದ್ದಾಗಿ ಉಳಿಯುವುದಿಲ್ಲ. ಮನಸ್ಸು ಸಂಪೂರ್ಣವಾಗಿ ಒಪ್ಪಿದೆಯೆಂದು ಹೇಳಲಾರೆ.

ಪೀಣ್ಯದ ಕಾರ್ಖಾನೆಗಳ ಬದಿಯಲ್ಲಿರುವ ನಮ್ಮ ಬಡಾವಣೆಯಲ್ಲಿ ಕ್ಷಿತಿಜವೆಂಬುದೇ ಅಪರೂಪ. ಆದರೂ ದೀಪಾವಳಿ ಕಳೆದ ಆರನೆಯ ದಿನ, ಬಿಹಾರದಿಂದ ದುಡಿಮೆಗೆ ಬಂದಿರುವ ನೆರೆಯವರು ಮಾಳಿಗೆಯ ಮೇಲೆ ತೊಟ್ಟಿಯಲ್ಲಿ ನೀರು ತುಂಬಿ, ಅದರಲ್ಲಿ ನಿಂತು, ಅಸ್ತಮಿಸುವ ಸೂರ್ಯನಿಗೆ ಅರ್ಘ್ಯ ಕೊಡುವುದನ್ನು ನೋಡಿದ್ದೇನೆ. ಛಠ್ ಎಂಬ ಈ ವ್ರತದಲ್ಲಿ ಹೆಂಗಸರು ಮೂವತ್ತಾರು ಗಂಟೆಗಳ ಕಾಲ ನೀರನ್ನೂ ಮುಟ್ಟದೆ ಮರುದಿನದ ಉದಯಕ್ಕೆ ಕಾಯುವರು. ನಮ್ಮ ರಥಸಪ್ತಮಿಯಂದು ಏಳು ಎಕ್ಕದೆಲೆಗಳನ್ನಿಟ್ಟುಕೊಂಡು ಮೀಯುವುದೂ ಅವನಿಗಾಗಿಯೇ. ಅರ್ಕವೆಂದರೆ ಸೂರ್ಯ, ಅರ್ಕವೆಂದರೆ ಎಕ್ಕ. ಎಕ್ಕವೆಂಬುದು ಅರ್ಕದ ತದ್ಭವ. ಆದರೆ ನಾವು ಬಚ್ಚಲಲ್ಲಿ ಮಿಂದು ಬರುವೆವು. ಅವರು ಬಿಂಬವನ್ನು ಕಂಡು ಏಳುವರು.

ಮಾಳಿಗೆಯಿರುವ ಮನೆಯವರು ಈ ವರ್ಷ ಒಂದು ಕೆಲಸ ಮಾಡಬಹುದು. ಪಶ್ಚಿಮಕ್ಕೆ ತೆರೆದ ಕಿಟಕಿಗೆ ರಟ್ಟನ್ನು ಹೊಂದಿಸಿ ಅದರಲ್ಲಿ ಕಾಸಿನಗಲದ ಒಂದು ರಂಧ್ರವನ್ನು ಮಾಡಿರಿ. ಸಂಜೆ ಸೂರ್ಯನು ಎದುರಿನ ಗೋಡೆಗೋ ನೀರಿನ ತೊಟ್ಟಿಗೋ ಮರೆಯಾಗುವ ಗಳಿಗೆಯಲ್ಲಿ, ಒಳಗಿನ ಗೋಡೆಯ ಮೇಲೆ ಬಿದ್ದ ಬೆಳಕಿನ ಬೊಟ್ಟನ್ನು ಸೀಮೆಸುಣ್ಣದಿಂದ ಗುರುತಿಸಿ ತಾರೀಖನ್ನು ಬರೆಯಿರಿ. ನವೆಂಬರ್ ಕೊನೆಯಿಂದ ವಾರಕ್ಕೊಮ್ಮೆ, ಡಿಸೆಂಬರ್ ೧೫ರಿಂದ ೩೦ರವರೆಗೆ ಪ್ರತಿದಿನ, ಆಮೇಲೆ ಸಂಕ್ರಾಂತಿಯಂದು ಒಮ್ಮೆ. ಮಕ್ಕಳು ಬಿಂಬವನ್ನು ನೇರವಾಗಿ ನೋಡಕೂಡದು. ಬೊಟ್ಟನ್ನು ನೋಡಿದರೆ ಸಾಕು. ಗೋಡೆಗೆ ಸುಣ್ಣ ಬಳಿಸುವುದನ್ನು ಯುಗಾದಿಯವರೆಗೆ ಮುಂದಕ್ಕೆ ಹಾಕಿರಿ.