ಬಿಟ್ಟು ಹೋದವರು ಯಾವ ಪ್ಲಾನಿನಲ್ಲಿದ್ದಾರೆ?

ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಬಿಎಸ್ಸಿ ಓದಲು ವಿಶ್ವವಿದ್ಯಾಲಯದ ಸೈನ್ಸ್ ಕಾಲೇಜಿಗೆ ಹೋಗುತ್ತಿದ್ದರೆ ಆ ಕಾಲೇಜಿನ ವೆಬ್‌ಸೈಟನ್ನು ಒಮ್ಮೆ ಮೊಬೈಲಿನಲ್ಲಿ ತೆರೆದು ನೋಡಿ. ಮೇಲೆ ಕಟ್ಟಡದ ಫೋಟೊ. ಕೆಳಗೆ ವಿಷನ್, ಮಿಷನ್. ಇನ್ನೂ ಕೆಳಗೆ ಎಲ್ಲೋ ಮೂಲೆಯಲ್ಲಿ ‘ಸ್ಟ್ರಾಟೆಜಿಕ್ ಪ್ಲಾನ್’ ಎಂಬ ಪಿಡಿಎಫ್. ಕನ್ನಡದಲ್ಲಿ ಕಾರ್ಯತಂತ್ರ ಯೋಜನೆ ಎನ್ನಬಹುದು, ಆದರೆ ಪಿಡಿಎಫ್ ಮಾತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ಮುಂದಿನ ಐದು ವರ್ಷದಲ್ಲಿ, ಹತ್ತು ವರ್ಷದಲ್ಲಿ ಕಾಲೇಜು ಏನಾಗಬೇಕು ಎಂದು ಅದರಲ್ಲಿ ಬರೆದಿರುತ್ತಾರೆ. ವಿದ್ಯಾರ್ಥಿಗಳ ಯಶಸ್ಸು ಎಂಬ ಮಾತು ಮತ್ತೆ ಮತ್ತೆ ಬರುತ್ತದೆ.

ನಮ್ಮ ತಕರಾರು ಆ ಮಾತಿನ ಬಗ್ಗೆಯೇ. ಯಾರ ಯಶಸ್ಸು? ಎಲ್ಲಿಂದ ಎಲ್ಲಿಗೆ ಎಣಿಸಿದ ಯಶಸ್ಸು?

ಈ ಪ್ಲಾನುಗಳು ಸುಮ್ಮನೆ ಹುಟ್ಟುವುದಿಲ್ಲ. ನ್ಯಾಕ್ ಎಂಬ ಸಂಸ್ಥೆ ಇದೆ. 1994ರಲ್ಲಿ ಶುರುವಾದದ್ದು, ಮುಖ್ಯ ಕಚೇರಿ ಬೆಂಗಳೂರಿನ ನಾಗರಬಾವಿಯಲ್ಲಿ. ಕಾಲೇಜುಗಳನ್ನು ತೂಗಿ ಗ್ರೇಡ್ ಕೊಡುವುದು ಅದರ ಕೆಲಸ. ನ್ಯಾಕ್ ತಂಡ ಬರುತ್ತದೆ ಎಂದರೆ ಕಾಲೇಜಿನಲ್ಲಿ ಮದುವೆ ಮನೆಯ ಗಡಿಬಿಡಿ. ಗೋಡೆಗೆ ಸುಣ್ಣ, ಗೇಟಿಗೆ ಬಣ್ಣ, ಬೀಗ ಬಿದ್ದಿದ್ದ ಶೌಚಾಲಯಕ್ಕೂ ಬಿಡುಗಡೆ. ಇಷ್ಟು ವರ್ಷ ನಡೆದುಬಂದ ನ್ಯಾಕ್ ಕೈಪಿಡಿಯಲ್ಲಿ ಏಳು ಮಾನದಂಡಗಳಿವೆ. ಆರನೆಯದು ಆಡಳಿತದ್ದು, ಕಾಲೇಜಿಗೆ ಒಂದು ಮುನ್ನೋಟದ ಯೋಜನೆ ಇರಬೇಕು ಎಂದು ಕೇಳುವುದು ಅಲ್ಲಿ. ಐದನೆಯದು ವಿದ್ಯಾರ್ಥಿಗಳ ಬೆಂಬಲ ಮತ್ತು ಪ್ರಗತಿಯದ್ದು. ಇದರ ಮೇಲೆ ಯುಜಿಸಿ 2024ರ ಫೆಬ್ರವರಿಯಲ್ಲಿ ಇನ್‌ಸ್ಟಿಟ್ಯೂಷನಲ್ ಡೆವಲಪ್‌ಮೆಂಟ್ ಪ್ಲಾನ್ ಹೇಗಿರಬೇಕು ಎಂಬ ಮಾರ್ಗಸೂಚಿಯನ್ನೂ ಹೊರಡಿಸಿತು. ಹೀಗಾಗಿ ಪ್ಲಾನ್ ಬರೆಯದ ಕಾಲೇಜು ಈಗ ಸಿಗುವುದು ಕಷ್ಟ.

ಬರೆಯಲಿ. ಯೋಜನೆ ಬೇಡ ಎನ್ನುವ ಜನ ನಾವಲ್ಲ. ಮುಂಗಾರಿಗೆ ಮುಂಚೆ ಬೀಜ ಗೊಬ್ಬರದ ಲೆಕ್ಕ ಹಾಕದ ರೈತ ಯಾರಿದ್ದಾನೆ? ಆದರೆ ಬಿತ್ತಿದ್ದೆಷ್ಟು ಎಂಬುದನ್ನು ಮರೆತು, ಕಣಕ್ಕೆ ಬಂದ ತೆನೆಯಲ್ಲಿ ಜಳ್ಳೆಷ್ಟು ಗಟ್ಟಿಯೆಷ್ಟು ಎಂದು ಮಾತ್ರ ನೋಡಿ, ‘ಈ ಸಲ ಶೇಕಡಾ ತೊಂಬತ್ತು ಗಟ್ಟಿ’ ಎಂದು ಹೇಳಿಕೊಂಡು ತಿರುಗುವ ರೈತನೂ ಇಲ್ಲ. ಕಾಲೇಜುಗಳು ಮಾಡುತ್ತಿರುವುದು ಸರಿಯಾಗಿ ಅದನ್ನೇ.

ಹೇಗೆ ಅಂತ ನೋಡಿ. ನ್ಯಾಕ್ ಕೈಪಿಡಿಯಲ್ಲಿ ಪಾಸ್ ಪರ್ಸೆಂಟೇಜ್ ಲೆಕ್ಕಕ್ಕೆ ಒಂದು ಸೂತ್ರವಿದೆ. ಕೊನೆಯ ವರ್ಷದ ಪರೀಕ್ಷೆಯಲ್ಲಿ ಪಾಸಾದವರು ಮೇಲೆ, ಕೊನೆಯ ವರ್ಷದ ಪರೀಕ್ಷೆಗೆ ಕೂತವರು ಕೆಳಗೆ. ಭಾಗಿಸಿ ನೂರರಿಂದ ಗುಣಿಸಿದರೆ ಆಯಿತು. ಲೆಕ್ಕಕ್ಕೆಂದು ಹೇಳುತ್ತೇವೆ, ಒಂದು ಕಾಲೇಜಿಗೆ 100 ಮಕ್ಕಳು ಸೇರಿದರು ಅಂದುಕೊಳ್ಳಿ. ಮೊದಲ ವರ್ಷವೇ 30 ಜನ ಬಿಟ್ಟರು, ಎರಡನೇ ವರ್ಷ 10 ಜನ. ಉಳಿದ 60ರಲ್ಲಿ 54 ಜನ ಪಾಸಾದರು. ಕಾಲೇಜಿನ ಫಲಿತಾಂಶ ಎಷ್ಟು? ಶೇಕಡಾ 90! ಬ್ಯಾನರ್ ಕಟ್ಟಿ, ಸನ್ಮಾನ ಮಾಡಿ. ಸೇರಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಡಿಗ್ರಿ ಇಲ್ಲದೆ ಮನೆಗೆ ಹೋಗಿದ್ದಾರೆ ಎಂಬುದು ಆ 90ರಲ್ಲಿ ಎಲ್ಲೂ ಕಾಣುವುದಿಲ್ಲ.

ಕೆಲಸ ಸಿಕ್ಕಿದವರ ಲೆಕ್ಕ, ಎಂಎಸ್ಸಿಗೆ ಹೋದವರ ಲೆಕ್ಕವೂ ಹೀಗೆಯೇ, ಓದು ಮುಗಿಸಿ ಹೊರಗೆ ಹೋದವರಿಂದಲೇ ಶುರು. ಸೇರುವಾಗಿನ ಲೆಕ್ಕವೂ ಇದೆ, ಸೀಟು ಎಷ್ಟು ತುಂಬಿತು ಎಂದು. ಮಕ್ಕಳು ಕಾಲೇಜಿನಿಂದ ತೃಪ್ತರೇ ಎಂಬ ಸಮೀಕ್ಷೆಯೂ ಇದೆ, ಆದರೆ ಅದು ಓದುತ್ತಾ ಇರುವವರಿಗೆ. ಬಾಗಿಲಲ್ಲಿ ಒಳಬಂದವರನ್ನು ಎಣಿಸುತ್ತಾರೆ, ಹಿತ್ತಲಲ್ಲಿ ಹೊರಗೆ ಹೋದವರನ್ನು ಎಣಿಸುತ್ತಾರೆ, ನಡುಮನೆಯಲ್ಲಿ ಬಿದ್ದವರನ್ನು ಯಾರೂ ಕೇಳುವುದಿಲ್ಲ. 2024ರಲ್ಲಿ ನ್ಯಾಕ್ ಗ್ರೇಡ್ ಪದ್ಧತಿಯನ್ನೇ ಬದಲಿಸುವುದಾಗಿ ಹೇಳಿತು. ಸಂತೋಷ. ಆದರೆ ಕಾಲೇಜು ತನ್ನ ಪ್ಲಾನನ್ನು ತಾನೇ ಬರೆದುಕೊಳ್ಳುತ್ತದೆ, ಬಿಟ್ಟು ಹೋದವರನ್ನು ಎಣಿಸಬೇಡಿ ಎಂದು ಯಾರೂ ಅದರ ಕೈ ಹಿಡಿದಿರಲಿಲ್ಲ.

ನಮ್ಮ ಈ ಗುಂಪಿನಲ್ಲೇ ಬಿಎಸ್ಸಿ ಸೇರಿ, ಬಿಟ್ಟು, ಆಮೇಲೆ ಬಿಎ ಮಾಡಿ ಪತ್ರಿಕೋದ್ಯಮಕ್ಕೆ ಬಂದವರಿದ್ದಾರೆ. ಕಾಲೇಜಿನ ಹೆಸರು ಬೇಡ. ಯಾಕೆ ಬಿಟ್ಟೆ ಎಂದು ಆ ಕಾಲೇಜಿನಿಂದ ಒಂದು ಫೋನ್ ಕೂಡ ಬರಲಿಲ್ಲ. ಟಿಸಿ ಕೊಡುವಾಗ ಲೈಬ್ರರಿ ಪುಸ್ತಕ ಬಾಕಿ ಇದೆಯೇ ಎಂದು ಮಾತ್ರ ಕೇಳಿದರು.

ಕೇಳಿದ್ದರೆ ಹೇಳಲು ಬಹಳ ಇತ್ತು. ಹತ್ತನೇ ಕ್ಲಾಸಿನವರೆಗೆ ವೇಗೋತ್ಕರ್ಷ ಗೊತ್ತಿತ್ತು, ದ್ಯುತಿಸಂಶ್ಲೇಷಣೆ ಗೊತ್ತಿತ್ತು, ಉತ್ಕರ್ಷಣ ಅಪಕರ್ಷಣ ಎಂದರೆ ಸಮೀಕರಣ ಬರೆದು ತೋರಿಸುತ್ತಿದ್ದೆವು. ಪಿಯುಸಿಗೆ ಬಂದಾಗ ಅದೇ ಸಂಗತಿಗಳು ಬೇರೆ ವೇಷ ಹಾಕಿಕೊಂಡು ಬಂದವು. ಆಕ್ಸಿಲರೇಷನ್, ಫೋಟೊಸಿಂಥೆಸಿಸ್, ಆಕ್ಸಿಡೇಷನ್. ಹಳೆಯ ಗೆಳೆಯನೇ ಇದು ಎಂದು ಯಾರೂ ಪರಿಚಯ ಮಾಡಿಸಲಿಲ್ಲ. ಗೈಡ್ ಬಾಯಿಪಾಠ ಮಾಡಿ ಪಿಯುಸಿ ದಾಟಿದೆವು. ಬಿಎಸ್ಸಿಯಲ್ಲಿ ಬಾಯಿಪಾಠ ನಡೆಯುವುದಿಲ್ಲ. ಮೊದಲ ಸೆಮಿಸ್ಟರಿನ ಇಂಟರ್ನಲ್‌ನಲ್ಲಿ ಐದು ಅಂಕ ಬಂದಾಗ ‘ನನಗೆ ವಿಜ್ಞಾನ ಬರುವುದಿಲ್ಲ’ ಎಂದು ತೀರ್ಮಾನ ಮಾಡಿಕೊಂಡ ಮಕ್ಕಳನ್ನು ಕಣ್ಣಾರೆ ಕಂಡಿದ್ದೇವೆ. ಅವರಿಗೆ ವಿಜ್ಞಾನ ಬರುತ್ತಿತ್ತು. ಬರದೇ ಇದ್ದದ್ದು ಇಂಗ್ಲಿಷ್ ವಾಕ್ಯ.

ಹಳ್ಳಿ ಮಕ್ಕಳಿಗೆ ಸೈನ್ಸ್ ಭಾರ, ಕನ್ನಡದಲ್ಲಿ ಸೈನ್ಸ್ ಹೇಳಲಾಗದು ಎನ್ನುವವರಿಗೆ ಹಳೆಯ ಒಂದು ಮಾತು ನೆನಪಿಸಬೇಕು. ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಅವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ಸೇರಿ 1918ರಲ್ಲೇ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ತಂದರು. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯವನ್ನು ನಡೆಸಿದ ಕುವೆಂಪು ಅವರು ಕನ್ನಡದಲ್ಲಿ ಕಲಿಸಿ ಎಂದು ಬಾಯಿ ನೋಯುವಷ್ಟು ಹೇಳಿದರು. ಸೈನ್ಸ್ ಕಾಲೇಜಿನ ಮೇಷ್ಟ್ರೊಬ್ಬರು ನೂರು ವರ್ಷದ ಹಿಂದೆ ಪತ್ರಿಕೆಯನ್ನೇ ನಡೆಸಿದರು ಎಂದ ಮೇಲೆ, ಇವತ್ತಿನ ಸೈನ್ಸ್ ಕಾಲೇಜು ಮೊದಲ ಸೆಮಿಸ್ಟರಿಗೆ ಇನ್ನೂರು ಪದಗಳ ಒಂದು ಕನ್ನಡ-ಇಂಗ್ಲಿಷ್ ಪಟ್ಟಿ, ವಾರಕ್ಕೆ ಎರಡು ಗಂಟೆ ಕನ್ನಡದಲ್ಲಿ ವಿವರಿಸುವ ಕ್ಲಾಸು ಇಡಲಾರದೇ? ಇದಕ್ಕೆ ಯಾವ ಕೋಟಿ ಬೇಕು? ಇಂಗ್ಲಿಷ್ ಬೇಡ ಎನ್ನುತ್ತಿಲ್ಲ. ದಾಟಲು ಒಂದು ಕಾಲುಸಂಕ ಹಾಕಿ ಎನ್ನುತ್ತಿದ್ದೇವೆ.

ಇನ್ನು ಬಸ್ಸು. ಬಿಎಗೂ ಬಿಎಸ್ಸಿಗೂ ಇರುವ ದೊಡ್ಡ ವ್ಯತ್ಯಾಸ ಪ್ರಾಕ್ಟಿಕಲ್. ಬೆಳಿಗ್ಗೆ ಪಾಠ, ಮಧ್ಯಾಹ್ನದ ಮೇಲೆ ಲ್ಯಾಬ್. ಲ್ಯಾಬ್ ಮುಗಿಯುವಾಗ ಸಂಜೆ. ಊರಿಗೆ ಹೋಗುವ ಬಸ್ಸು ಅಷ್ಟರಲ್ಲಿ ಹೊರಟಿರುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಬಹಳ ಒಳ್ಳೆಯದಾಯಿತು. ಆದರೆ ಬಸ್ಸೇ ಇಲ್ಲದ ಹೊತ್ತಿನಲ್ಲಿ ಉಚಿತ ಟಿಕೆಟ್ ಇಟ್ಟುಕೊಂಡು ಏನು ಮಾಡುವುದು? ಹುಡುಗಿ ರಾತ್ರಿ ಎಂಟಕ್ಕೆ ಮನೆ ಸೇರಿದರೆ ನಾಲ್ಕು ದಿನ ಮನೆಯವರು ಸುಮ್ಮನಿರುತ್ತಾರೆ, ಐದನೇ ದಿನ ‘ಬಿಎನೋ ಬಿಕಾಂನೋ ಮಾಡು’ ಎನ್ನುತ್ತಾರೆ. ಇಲ್ಲವೇ ಲ್ಯಾಬ್ ತಪ್ಪಿಸಿ ಬಸ್ಸು ಹಿಡಿಯುತ್ತಾಳೆ, ಹಾಜರಾತಿ 75 ಪರ್ಸೆಂಟಿಗಿಂತ ಕೆಳಗೆ ಇಳಿಯುತ್ತದೆ, ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷೆಗೇ ಕೂರಲಿಲ್ಲವಲ್ಲ, ಕಾಲೇಜಿನ ಫಲಿತಾಂಶಕ್ಕೆ ಏಟಿಲ್ಲ. ದೂರದ ಮಕ್ಕಳ ಲ್ಯಾಬ್ ಬ್ಯಾಚನ್ನು ಬೆಳಿಗ್ಗೆಗೆ ಹಾಕುವುದು ಟೈಮ್‌ಟೇಬಲ್ ಮಾಡುವವರ ಕೈಯಲ್ಲಿರುವ ಕೆಲಸ. ಡಿಪೊ ಮ್ಯಾನೇಜರಿಗೆ ಪ್ರಿನ್ಸಿಪಾಲರು ಒಂದು ಪತ್ರ ಬರೆಯುವುದೂ ಅಷ್ಟೇ. ಪ್ಲಾನಿನಲ್ಲಿ ಸ್ಮಾರ್ಟ್ ಕ್ಲಾಸ್‌ರೂಮ್ ಇರುತ್ತದೆ, ಬಸ್ಸಿನ ಟೈಮು ಇರುವುದಿಲ್ಲ.

ದುಡ್ಡಿನ ವಿಷಯ ನಿಮಗೆ ಹೇಳಿಕೊಡಬೇಕಿಲ್ಲ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ, ಆಧಾರ್ ಜೋಡಣೆ, ಸರ್ವರ್ ಡೌನ್, ಸೈಬರ್ ಸೆಂಟರಿನಲ್ಲಿ ಅರ್ಧ ದಿನ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ತಿಂಗಳಿಗೆ 1,500 ರೂಪಾಯಿ ಲೆಕ್ಕದಲ್ಲಿ ಶುರುವಾದ ವಿದ್ಯಾಸಿರಿ ಒಳ್ಳೆಯ ಯೋಜನೆಯೇ. ಆದರೆ ಬಾಡಿಗೆ ರೂಮಿನ ಓನರ್ ಒಂದನೇ ತಾರೀಕಿಗೇ ಬಂದು ನಿಲ್ಲುತ್ತಾನೆ, ಸರ್ಕಾರದ ದುಡ್ಡಿಗೆ ತಾರೀಕಿಲ್ಲ.

ಪ್ಲಾನ್ ಬರೆಯುವವರ ಕಷ್ಟವೂ ನಮಗೆ ಗೊತ್ತು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, ಡಿಗ್ರಿ ನಾಲ್ಕು ವರ್ಷಕ್ಕೆ ಚಾಚಿಕೊಂಡಿತು, ಪಠ್ಯವೆಲ್ಲ ಬದಲು. 2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷಕ್ಕೆ ತಂದಿತು, ಪಠ್ಯ ಮತ್ತೆ ಬದಲು. 2023ರಲ್ಲಿ ಏಳು ಹೊಸ ವಿಶ್ವವಿದ್ಯಾಲಯ ತೆರೆದರು, 2025ರ ಹೊತ್ತಿಗೆ ಅವುಗಳಲ್ಲಿ ಹೆಚ್ಚಿನವನ್ನು ಮುಚ್ಚುವ ಮಾತು ಎತ್ತಿದರು. ವಿಶ್ವವಿದ್ಯಾಲಯದ ಆಯಸ್ಸೇ ಎರಡು ವರ್ಷ ಎಂದಾದರೆ ಹದಿನೈದು ವರ್ಷದ ಮುನ್ನೋಟ ಬರೆಯುವುದು ತಮಾಷೆಯೇ ಸರಿ. ಪಾಠ ಮಾಡುವವರಲ್ಲಿ ಎಷ್ಟೋ ಜನ ಅತಿಥಿ ಉಪನ್ಯಾಸಕರು, ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಅವರಿಗೇ ಗೊತ್ತಿಲ್ಲ. ಸ್ವಂತ ಸಂಬಳದ ಪ್ಲಾನ್ ಇಲ್ಲದವರ ಕೈಯಲ್ಲಿ ಕಾಲೇಜಿನ ಪ್ಲಾನ್ ಟೈಪ್ ಮಾಡಿಸುತ್ತಾರೆ. ಇದು ಮೇಷ್ಟ್ರುಗಳ ಮೇಲಿನ ಸಿಟ್ಟಿನ ಬರಹ ಅಲ್ಲ.

‘ಮಕ್ಕಳು ಬಿಡುವುದಕ್ಕೆ ನಾವೇನು ಮಾಡಲು ಆಗುತ್ತದೆ? ಒಬ್ಬ ನರ್ಸಿಂಗಿಗೆ ಹೋಗುತ್ತಾನೆ, ಒಬ್ಬಳಿಗೆ ಮದುವೆ ಆಗುತ್ತದೆ’ ಎಂಬ ಉತ್ತರ ಬರುತ್ತದೆ. ನಿಜ, ಹಾಗೂ ಹೋಗುತ್ತಾರೆ. ಹಾಗಿದ್ದರೆ ಅದನ್ನೇ ಬರೆಯಿರಿ. ಎಷ್ಟು ಜನ ನರ್ಸಿಂಗಿಗೆ, ಎಷ್ಟು ಜನ ಮದುವೆಗೆ, ಎಷ್ಟು ಜನ ಗಾರ್ಮೆಂಟ್ಸಿಗೆ. ಕನ್ನಡ ಮಾಧ್ಯಮದಿಂದ ಬಂದವರಲ್ಲಿ ಎಷ್ಟು, ಬಸ್ಸಿನಲ್ಲಿ ಬರುವವರಲ್ಲಿ ಎಷ್ಟು, ಹಾಸ್ಟೆಲಿನವರಲ್ಲಿ ಎಷ್ಟು. ಲೆಕ್ಕ ಇಡದೆ ‘ಅವರಾಗಿಯೇ ಹೋದರು’ ಎನ್ನುವುದು ಉತ್ತರ ಅಲ್ಲ.

ಲೆಕ್ಕ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಒಂದಿದೆ. ಅಮೆರಿಕದ ಅಟ್ಲಾಂಟಾ ನಗರದ ಜಾರ್ಜಿಯಾ ಸ್ಟೇಟ್ ಯೂನಿವರ್ಸಿಟಿ. ಅದು ಸರ್ಕಾರಿ ವಿಶ್ವವಿದ್ಯಾಲಯ, ಬಡ ಮಕ್ಕಳು, ಕಪ್ಪು ಜನರ ಮಕ್ಕಳು ಬಹಳ. 2003ರ ಲೆಕ್ಕದಂತೆ, ಅಲ್ಲಿ ಸೇರಿದವರ ಪೈಕಿ ಆರು ವರ್ಷದೊಳಗೆ ಡಿಗ್ರಿ ಮುಗಿಸುತ್ತಿದ್ದವರು ನೂರಕ್ಕೆ 32 ಜನ. ಗಮನಿಸಿ, ಅವರು ಎಣಿಸಿದ್ದು ಸೇರಿದವರಿಂದ. ಆ ನಾಚಿಕೆಯ ಅಂಕಿಯನ್ನು ಮುಚ್ಚಿಡಲಿಲ್ಲ. 2011ರ ಸ್ಟ್ರಾಟೆಜಿಕ್ ಪ್ಲಾನಿನಲ್ಲಿ ಯಾವ ಹಿನ್ನೆಲೆಯ ಮಕ್ಕಳೂ ಡಿಗ್ರಿ ಮುಗಿಸುವಂತೆ ಮಾಡುವುದೇ ಮೊದಲನೇ ಗುರಿ ಎಂದು ಬರೆದರು. ಒಂದು ವಿಷಯದಲ್ಲಿ ಅಂಕ ಇಳಿದ ಕೂಡಲೇ ಸಲಹೆಗಾರರಿಗೆ ಎಚ್ಚರಿಕೆ ಹೋಗುವ ವ್ಯವಸ್ಥೆ ಮಾಡಿದರು, ಅದಕ್ಕೆ ಹೊಸ ಸಲಹೆಗಾರರನ್ನು ನೇಮಿಸಿದರು. ಸ್ವಲ್ಪ ಫೀಸು ಬಾಕಿ ಎಂಬ ಕಾರಣಕ್ಕೇ ಹೆಸರು ತೆಗೆಯಲ್ಪಡುತ್ತಿದ್ದ ಮಕ್ಕಳನ್ನು ಹುಡುಕಿ, ಅರ್ಜಿಯನ್ನೂ ಕೇಳದೆ, ತಲಾ ಸುಮಾರು 900 ಡಾಲರ್ ಸರಾಸರಿಯಲ್ಲಿ ಬಾಕಿ ತುಂಬಿದರು. ಸುಮಾರು ಹತ್ತು ವರ್ಷದಲ್ಲಿ 32 ಇದ್ದದ್ದು 54ಕ್ಕೆ ಬಂತು. ಕಪ್ಪು ಮಕ್ಕಳಿಗೂ ಬಿಳಿ ಮಕ್ಕಳಿಗೂ ಇದ್ದ ಅಂತರ ಮುಚ್ಚಿಹೋಯಿತು. ಕಷ್ಟದ ವಿಷಯದಿಂದ ಸುಲಭದ ವಿಷಯಕ್ಕೆ ಮಕ್ಕಳನ್ನು ತಳ್ಳುತ್ತಾರೆ ಎಂಬ ಟೀಕೆಯೂ ಇಂಥ ವ್ಯವಸ್ಥೆಯ ಮೇಲಿದೆ, ಅದನ್ನೂ ತಳ್ಳಿಹಾಕುವಂತಿಲ್ಲ. ಅಮೆರಿಕದಲ್ಲಿ ದುಡ್ಡಿದೆ ಎಂದು ನೀವು ಹೇಳಬಹುದು. ಹೌದು. ಆದರೆ ಅವರ ಮೊದಲ ಹೆಜ್ಜೆ ದುಡ್ಡಿನದ್ದಲ್ಲ, ಎಣಿಕೆಯದ್ದು.

ನಮ್ಮಲ್ಲಿ ಆ ಎಣಿಕೆಗೆ ಕಂಪ್ಯೂಟರ್ ಕೂಡ ಹೊಸದಾಗಿ ಬೇಕಿಲ್ಲ. ಅಡ್ಮಿಷನ್, ಪರೀಕ್ಷೆ, ಫಲಿತಾಂಶ ಎಲ್ಲ ಯುಯುಸಿಎಂಎಸ್ ತಂತ್ರಾಂಶದಲ್ಲಿ ಇದೆ. ಮೂರು ವರ್ಷದ ಹಿಂದೆ ಸೇರಿದವರ ಪಟ್ಟಿ, ಈ ವರ್ಷ ಪಾಸಾದವರ ಪಟ್ಟಿ ಎರಡನ್ನೂ ಪಕ್ಕದಲ್ಲಿಟ್ಟರೆ ಗುಮಾಸ್ತರೊಬ್ಬರು ಎರಡು ದಿನದಲ್ಲಿ ಮುಗಿಸುವ ಕೆಲಸ. ಆಮೇಲೆ ಬಿಟ್ಟವರಿಗೆ ಒಂದೊಂದು ಫೋನ್.

ಮೈಸೂರಿನ ಯುವರಾಜ ಕಾಲೇಜಾಗಲಿ, ಧಾರವಾಡದ ಕರ್ನಾಟಕ ವಿಜ್ಞಾನ ಕಾಲೇಜಾಗಲಿ, ಶಿವಮೊಗ್ಗದ ಸಹ್ಯಾದ್ರಿ ವಿಜ್ಞಾನ ಕಾಲೇಜಾಗಲಿ, ತುಮಕೂರಿನ ವಿಶ್ವವಿದ್ಯಾನಿಲಯ ವಿಜ್ಞಾನ ಕಾಲೇಜಾಗಲಿ, ಇವೆಲ್ಲ ವಿಶ್ವವಿದ್ಯಾಲಯಗಳ ಸ್ವಂತ ಕಾಲೇಜುಗಳು. ಸುತ್ತಲಿನ ತಾಲ್ಲೂಕುಗಳ ಮಕ್ಕಳು ನಂಬಿ ಬರುವ ಜಾಗಗಳು. ಸಾರ್ವಜನಿಕ ದುಡ್ಡಿನಲ್ಲಿ ನಡೆಯುವ ಇಂಥ ಯಾವ ಕಾಲೇಜನ್ನಾದರೂ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. 30 ದಿನದಲ್ಲಿ ಉತ್ತರ ಕೊಡಬೇಕು. ಹೀಗೆ ಬರೆಯಿರಿ:

‘ತಮ್ಮ ಕಾಲೇಜಿನಲ್ಲಿ ಮೂರು ವರ್ಷಗಳ ಹಿಂದೆ ಮೊದಲ ಸೆಮಿಸ್ಟರ್ ಬಿಎಸ್ಸಿಗೆ ದಾಖಲಾದ ವಿದ್ಯಾರ್ಥಿಗಳ ಸಂಖ್ಯೆ, ಅವರಲ್ಲಿ ಪ್ರತಿ ಸೆಮಿಸ್ಟರಿನ ಪರೀಕ್ಷೆಗೆ ಹಾಜರಾದವರ ಸಂಖ್ಯೆ ಹಾಗೂ ಪದವಿ ಪೂರೈಸಿದವರ ಸಂಖ್ಯೆಯನ್ನು ಗಂಡು, ಹೆಣ್ಣು ಮತ್ತು ಪ್ರವರ್ಗವಾರು ನೀಡಬೇಕಾಗಿ ಕೋರಿಕೆ.’

ಹೆಸರು ಯಾರದೂ ಕೇಳಬೇಡಿ, ಸಂಖ್ಯೆ ಸಾಕು. ಅರ್ಜಿಯ ಒಂದು ಪ್ರತಿ, ಪೋಸ್ಟ್ ಮಾಡಿದ ರಸೀದಿ ಇಟ್ಟುಕೊಳ್ಳಿ. ಉತ್ತರ ಬಂದರೆ ಫೋಟೊ ತೆಗೆದು ನಮಗೆ ಕಳಿಸಿ. ಯಾವ ಕಾಲೇಜು ಎಷ್ಟು ಎಂದು ಹೇಳಿತು, ಯಾವುದು ಸುಮ್ಮನಾಯಿತು ಎಂಬುದನ್ನು ಇಲ್ಲೇ ಒಂದೊಂದಾಗಿ ಹಾಕುತ್ತೇವೆ.